ಸತೀರ್ಥ್ಯರು

ಒಬ್ಬನೇ ಗುರುವಿನ ಸನ್ನಿಧಿಯಲ್ಲಿ ಅಧ್ಯಯನ ಮಾಡಿದವರಿಗೆ ಸಂಸ್ಕೃತದಲ್ಲಿ ಸತೀರ್ಥ್ಯರೆಂದು ಹೆಸರು. ಇಲ್ಲಿ ತೀರ್ಥವೆಂದರೆ ನದಿಯಲ್ಲ, ಗುರು. ಅಮರಕೋಶವನ್ನು ಕಂಠಪಾಠ ಮಾಡಿದ ಪಾಠಶಾಲೆಯ ವಟುಗಳಿಗೆಲ್ಲ ಈ ಶಬ್ದವು ತಿಳಿದೇ ಇರುವುದು. ಆದರೆ ಅದರ ತೂಕವು ವಿದ್ಯಾರ್ಥಿದಶೆ ಕಳೆದ ಮೇಲೆ ಮಾತ್ರ ತಿಳಿಯತಕ್ಕುದು. ದ್ರೋಣನೂ ದ್ರುಪದನೂ ಸತೀರ್ಥ್ಯರೇ. ಒಂದೇ ಆಶ್ರಮದಲ್ಲಿ ಆಡಿ ಓದಿದವರಲ್ಲಿ ಒಬ್ಬನು ಅರಸನಾದನು, ಇನ್ನೊಬ್ಬನು ಬಡವನಾಗಿಯೇ ಉಳಿದನು; ಹಳೆಯ ಗೆಳೆತನವನ್ನು ನೆನಪಿಗೆ ತಂದವನಿಗೆ ತುಂಬಿದ ಸಭೆಯಲ್ಲಿ ಅವಮಾನವಾಯಿತು. ಅದರ ಫಲವನ್ನು ಭಾರತವನ್ನು ಓದಿದವರೆಲ್ಲ ಬಲ್ಲರು. ಸತೀರ್ಥ್ಯರು ಅಗಲಿದರೂ ವೈರವು ಹಾಗೆ ಮೂಲವನ್ನೇ ಸುಟ್ಟುಬಿಡಲಿಲ್ಲವೆಂಬುದಕ್ಕೆ ಒಂದು ನಿದರ್ಶನವು ನಮಗೆ ಸಮೀಪದ ಪುಣೆಯಲ್ಲಿಯೇ ದೊರೆಯುವುದು.

ಯೆರವಡೆಯ ಬಳಿಯಲ್ಲಿರುವ ಡೆಕ್ಕನ್ ಕಾಲೇಜು ಮೊದಲು 1821ರಲ್ಲಿ ಸಂಸ್ಕೃತ ವಿದ್ಯೆಗಾಗಿ ಸ್ಥಾಪಿತವಾದ ಪಾಠಶಾಲೆಯಿಂದ ಬೆಳೆದುದು. ಬಾಲ ಗಂಗಾಧರ ತಿಲಕರೂ ಗೋಪಾಲ ಗಣೇಶ ಆಗರಕರರೂ ಅಲ್ಲಿಯ ವಿದ್ಯಾರ್ಥಿಗಳು. ಇಬ್ಬರೂ 1856ರ ಜುಲೈ ತಿಂಗಳಿನಲ್ಲಿಯೇ ಹುಟ್ಟಿದವರು. ತಿಲಕರು ರತ್ನಾಗಿರಿಯವರು, ಆಗರಕರರು ಕರಾಡದ ಹತ್ತಿರದ ಟೆಂಭೂ ಎಂಬ ಗ್ರಾಮದವರು. ಜನ್ಮಮಾಸವೊಂದನ್ನು ಬಿಟ್ಟರೆ ಅವರಲ್ಲಿ ಸಾಮ್ಯವು ಕಡಿಮೆ. ತಿಲಕರ ತಂದೆಯವರು ವಿದ್ವಾಂಸರು, ಮನೆಯಲ್ಲಿ ತಕ್ಕಷ್ಟು ಅನುಕೂಲವಿದ್ದಿತು. ತಮ್ಮ ಶರೀರವು ದುರ್ಬಲವೆಂದು ಕಂಡು ಅವರು ಕಾಲೇಜಿನ ಮೊದಲನೆಯ ವರ್ಷವನ್ನೆಲ್ಲ ಗರಡಿಗೂ ಈಜಿಗೂ ಕೊಟ್ಟು, ಪರೀಕ್ಷೆಯನ್ನು ಕಳೆದುಕೊಂಡರೂ ದೇಹವನ್ನು ಗಳಿಸಿದರು. ಆಗರಕರರಿಗಾದರೋ ಒಂದೇ ಅಂಗಿ. ರಾತ್ರಿ ಒಗೆದು ಹರವಿ ಬೆಳಗಿಗೆ ತೊಡುತ್ತಿದ್ದರೆಂದು ಹೇಳುವರು. ಉಬ್ಬಸರೋಗವು ಅವರ ಬೆನ್ನು ಬಿಡಲಿಲ್ಲ.

ತಿಲಕರು 1876ರಲ್ಲಿಯೂ ಆಗರಕರರು 1878ರಲ್ಲಿಯೂ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಆದರೆ ಅವರ ನಿಜವಾದ ಸಹವಾಸವು ಅದಾದ ಬಳಿಕ, ಒಬ್ಬರು ಕಾನೂನಿಗೂ ಒಬ್ಬರು ಎಂ.ಎ. ಪದವಿಗೂ ಕಾಲೇಜಿನಲ್ಲಿ ಉಳಿದಿದ್ದಾಗ ಬೆಳೆಯಿತು. ರಾತ್ರಿಗಳೆಲ್ಲ ಮಾತಿನಲ್ಲಿ ಕಳೆಯುತ್ತಿದ್ದವು. ದೇಶದ ಈ ದೈನ್ಯಕ್ಕೆ ಮದ್ದೇನು? ವಿದ್ಯೆಯೇ ಮದ್ದೆಂದು ಇಬ್ಬರೂ ನಿಶ್ಚಯಿಸಿ, ಸರ್ಕಾರದ ನೌಕರಿಗೆ ಹೋಗದೆ ಶಾಲೆಯೊಂದನ್ನು ತೆರೆಯತಕ್ಕುದೆಂದು ಸಂಕಲ್ಪಮಾಡಿದರು. ಆ ಕಾಲದಲ್ಲಿ ಪದವೀಧರನೆಂದರೆ ಮಾಮಲೇದಾರಿಕೆಯು ಕೈಗೆ ಬಂದಂತೆಯೇ ಸರಿ. ಮಗನು ದೊಡ್ಡ ಪರೀಕ್ಷೆ ಮುಗಿಸಿದರೆ ಕಷ್ಟವು ತೀರೀತೆಂದು ಕಾದಿದ್ದ ತಾಯಿಗೆ ಆಗರಕರರು ಪತ್ರ ಬರೆದು, ಹೊಟ್ಟೆಗೆ ಸಾಕಾಗುವಷ್ಟರಲ್ಲಿ ತೃಪ್ತನಾಗಿ ಉಳಿದ ಕಾಲವನ್ನು ಪರಹಿತಕ್ಕೆ ಕೊಡುವೆನೆಂದು ತಿಳಿಸಿದರು. ಆ ಪತ್ರವು ತಲುಪಿದ ದಿನ ತಾಯಿಯ ಮನಸ್ಸಿಗೆ ಏನಾಯಿತೆಂಬುದನ್ನು ಚರಿತ್ರಕಾರರು ಬರೆಯುವುದಿಲ್ಲ.

1880ರ ಜನವರಿಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಮುಂದಾಳುತನದಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು ತೆರೆಯಿತು. ಆಗರಕರರು ಎಂ.ಎ. ಪರೀಕ್ಷೆಯ ದೆಸೆಯಿಂದ ತುಸು ತಡವಾಗಿ ಬಂದು ಸೇರಿದರು. ವಾಮನ ಶಿವರಾಮ ಆಪಟೆಯವರೂ ಇದೇ ಗುಂಪಿನವರು. ಅವರ ಸಂಸ್ಕೃತ ಕೋಶವು ಇಂದಿಗೂ ಪಾಠಶಾಲೆಗಳ ಕಪಾಟಿನಲ್ಲಿರುವುದು. ಮರುವರ್ಷ ಮರಾಠಿಯಲ್ಲಿ 'ಕೇಸರಿ'ಯೂ ಇಂಗ್ಲಿಷಿನಲ್ಲಿ 'ಮರಾಠಾ'ವೂ ಹೊರಟವು. ಕೇಸರಿಯ ಸಂಪಾದಕತ್ವವು ಆಗರಕರರದು.

ಆ ಪತ್ರಿಕೆಗಳೇ ಇಬ್ಬರನ್ನೂ ಸೆರೆಮನೆಗೆ ಕಳುಹಿದವು. ಕೊಲ್ಲಾಪುರದ ಅರಸರನ್ನು ಅಲ್ಲಿಯ ಕಾರಭಾರಿಗಳು ಪೀಡಿಸುವರೆಂದು ಬರೆದ ಲೇಖನಗಳಿಗೆ ಆಧಾರವಾಗಿದ್ದ ಪತ್ರಗಳು ಕೃತ್ರಿಮವೆಂದು ಹೊರಬಿದ್ದುದರಿಂದ, ಮಾನನಷ್ಟದ ಮೊಕದ್ದಮೆಯಲ್ಲಿ 1882ರ ಜುಲೈ 17ರಂದು ಇಬ್ಬರಿಗೂ ನಾಲ್ಕು ತಿಂಗಳ ಶಿಕ್ಷೆಯಾಯಿತು. ಅದರಲ್ಲಿ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ ಕಳೆದುದು 101 ದಿನಗಳು. ಈ ದಿನಗಳನ್ನು ಕುರಿತು ಆಗರಕರರು ಒಂದು ಪುಸ್ತಕವನ್ನೇ ಬರೆದರು. ಇಕ್ಕಟ್ಟಾದ ಒಂದೇ ಕೋಣೆ, ಹೀನವಾದ ಅನ್ನ. ಆದರೆ ಇರುಳಾಯಿತೆಂದರೆ ಇಬ್ಬರೂ ಡೆಕ್ಕನ್ ಕಾಲೇಜಿನ ಕಾಲವನ್ನೇ ತೆಗೆಯುವರು. ಅಂದು ಏನು ಕನಸು ಕಂಡೆವು, ಅದರಲ್ಲಿ ಎಷ್ಟು ಕೈಗೂಡಿತು, ಹೊರಗೆ ಹೋದ ಮೇಲೆ ಉಳಿದುದನ್ನು ಹೇಗೆ ಸಾಧಿಸಬೇಕು ಎಂದು ಮಾತು ಬೆಳೆದು ಬೆಳೆದು ವಾದವಾಗಿ, ದನಿಯೇರಿ, ಕಾವಲುಗಾರರು ಬಂದು ಸುಮ್ಮನಿರಿಸಬೇಕಾಗುತ್ತಿದ್ದಿತು! ವಿದ್ಯಾರ್ಥಿನಿಲಯದಲ್ಲಿ ನಡೆದ ವಾದವೇ ಕೈದಿಗಳಾದ ಮೇಲೆಯೂ ಮುಂದುವರಿಯಿತೆಂದು ಹೇಳಬಹುದು. ಅವರಿಬ್ಬರೂ ಕೂಡಿ ತಮ್ಮ ಹಿಂದಣ ಕಾಲವನ್ನು ಸಂತೋಷದಿಂದ ಸ್ಮರಿಸಿದ ದಿನಗಳು ಇವೇ ಎಂದು ತೋರುವುದು.

ಬಿಡುಗಡೆಯ ತರುವಾಯ ಕಾರ್ಯವು ವಿಸ್ತರಿಸಿತು. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯೂ 1885ರ ಜನವರಿಯಲ್ಲಿ ಫರ್ಗ್ಯುಸನ್ ಕಾಲೇಜೂ ಆದವು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯುವವರೆಗೆ ಮುಂಬಯಿ ಕರ್ನಾಟಕದ ತರುಣರು ಉಚ್ಚ ವಿದ್ಯೆಗಾಗಿ ಊರು ಬಿಟ್ಟು ಹೋಗಬೇಕಾಗಿದ್ದಿತು; ಅಂಥ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಫರ್ಗ್ಯುಸನ್ ಕಾಲೇಜೇ ಆಶ್ರಯವಾಯಿತು. ವರಕವಿ ಬೇಂದ್ರೆಯವರು 1918ರಲ್ಲಿ ಬಿ.ಎ. ಆದುದು ಅಲ್ಲಿಯೇ. ಪುಣೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ರಾತ್ರಿ ಕುಳಿತು ಆಡಿದ ಮಾತಿಗೆ ನಮ್ಮ ನಾಡೂ ಋಣಿಯೆಂದರೆ ಅತಿಶಯವಲ್ಲ.

ಇಷ್ಟರಲ್ಲಿ ಒಡಕು ಕಾಣಿಸಿತು. ಬಾಲ್ಯವಿವಾಹ, ವಿಧವೆಯರ ಕಷ್ಟ ಮುಂತಾದವುಗಳನ್ನು ಮೊದಲು ತಿದ್ದಬೇಕು, ಅದಕ್ಕೆ ಕಾನೂನಾದರೂ ಸರಿ ಎಂದು ಆಗರಕರರು. ಪರಕೀಯ ಸರ್ಕಾರದ ಕೈಗೆ ನಮ್ಮ ಮನೆಯ ವ್ಯವಹಾರವನ್ನು ಒಪ್ಪಿಸಲಾಗದೆಂದು ತಿಲಕರು. 1887ರಲ್ಲಿ ಆಗರಕರರು ಕೇಸರಿಯನ್ನು ಬಿಟ್ಟು ಮರುವರ್ಷ 'ಸುಧಾರಕ'ವನ್ನು ಹೊರಡಿಸಿದರು. ಸಂಸ್ಥೆಯೊಳಗೂ ಕಲಹವು ಹೊಕ್ಕಿತು. ಜೆಸುಯಿಟ್ ಪಾದ್ರಿಗಳಂತೆ ಆಜೀವ ಸದಸ್ಯರು ಹೊರಗಿನ ಸಂಪಾದನೆಯನ್ನೂ ಉದ್ಯೋಗವನ್ನೂ ತೊರೆದಿರಬೇಕೆಂಬುದು ತಿಲಕರ ಹಟ. ಮೂಲಸಂಕಲ್ಪವನ್ನು ನೋಡಿದರೆ ತಿಲಕರ ಮಾತೇ ನ್ಯಾಯವಾದುದು. ಆದರೆ ಸಂಕಲ್ಪಮಾಡಿದಾಗ ಇಲ್ಲದ ಹೆಂಡಿರುಮಕ್ಕಳ ಭಾರವೂ ರೋಗವೂ ಈಗ ಸದಸ್ಯರಿಗೆ ಇದ್ದವೆಂಬುದನ್ನು ಆ ನ್ಯಾಯವು ಗಣಿಸಲಿಲ್ಲ. 1890ರಲ್ಲಿ ತಿಲಕರು ರಾಜೀನಾಮೆಯನ್ನಿತ್ತು, ತಾವೇ ಕಟ್ಟಿದ ಸಂಸ್ಥೆಯಿಂದ ಹೊರಬಂದರು. ಬಳಿಕ ಎರಡು ಪತ್ರಿಕೆಗಳೂ ಪರಸ್ಪರ ಆಡಿದ ಮಾತುಗಳನ್ನು ಇಲ್ಲಿ ಉದ್ಧರಿಸುವುದು ಬೇಡ. ಸನಾತನಿಗಳು ಆಗರಕರರು ಬದುಕಿರುವಾಗಲೇ ಅವರ ಶವಯಾತ್ರೆಯನ್ನು ಬೀದಿಯಲ್ಲಿ ಹೊರಡಿಸಿದರು.

ಆದರೂ ಇಬ್ಬರಲ್ಲಿ ಯಾರೂ ನೌಕರಿಯ ಕಡೆಗೆ ತಿರುಗಲಿಲ್ಲ. ಕಾಲೇಜಿನಲ್ಲಿ ಕೊಟ್ಟುಕೊಂಡ ಭಾಷೆಯನ್ನು ಬೇರೆಬೇರೆಯಾಗಿ ನಿಂತೇ ಇಬ್ಬರೂ ನಡೆಸಿದರು. ಆಪಟೆಯವರು 1892ರಲ್ಲಿ ತೀರಿಕೊಂಡ ಮೇಲೆ ಆಗರಕರರು ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾಗಿ, 1895ರ ಜೂನ್ 17ರಂದು, ನಲವತ್ತು ತುಂಬುವ ಮೊದಲೇ ದೇಹವನ್ನು ಬಿಟ್ಟರು. ತಮ್ಮ ದಹನಕ್ಕೆ ಬೇಕಾಗುವ ಹಣವನ್ನು ಪುಡಿಕೆಯಲ್ಲಿ ಕಟ್ಟಿ ದಿಂಬಿನ ಬಳಿ ಇರಿಸಿದ್ದರೆಂದು ಹೇಳುವರು.

ಕೇಸರಿಯಲ್ಲಿ ಚರಮಲೇಖನವನ್ನು ತಿಲಕರೇ ಬರೆಯಬೇಕಾಯಿತು. ತಿಲಕರ ಲೇಖನಿ ತಡೆಯುತ್ತಿದ್ದುದಿಲ್ಲ. ಅಗ್ರಲೇಖವನ್ನು ಒಂದೇ ಉಸಿರಿನಲ್ಲಿ ಹೇಳಿ ಬರೆಯಿಸುವವರು. ಅಂದು ಮಾತ್ರ ನಾಲ್ಕು ಸಾಲು ಹೇಳುವಷ್ಟರಲ್ಲಿ ಕಣ್ಣೀರು ಬಂದು, ಗಂಟಲು ಕಟ್ಟಿ, ಮುಗಿಯುವುದಕ್ಕೆ ಬಹಳ ಹೊತ್ತಾಯಿತೆಂದು ಅವರ ಸಮೀಪದವರು ನೆನೆದಿರುವರು. ಮೃತ್ಯುವಿನ ಮುಂದೆ ಮತಭೇದಗಳು ಮರೆಯಾಗಿ ಹಳೆಯ ಸ್ನೇಹದ ನೆನಪೇ ಮೇಲೆದ್ದು ಬರುವುದೆಂಬ ಭಾವವು ಆ ಲೇಖನದಲ್ಲಿರುವುದು. ಡೆಕ್ಕನ್ ಕಾಲೇಜಿನ ಆ ರಾತ್ರಿಗಳನ್ನು ಕುರಿತು ಡೋಂಗರಿಯಲ್ಲಿ ಇಬ್ಬರು ಕೂಡಿ ಮಾತಾಡಿದ್ದರು. ಈಗ ಅವುಗಳನ್ನು ನೆನೆಯುವುದಕ್ಕೆ ಒಬ್ಬರೇ ಉಳಿದರು.