ಪಟ್ಟು

ಚಿಕ್ಕಂದಿನಲ್ಲಿ ಕಾಲು ಉಳುಕಿದರೆ ಅಜ್ಜಿ ಹುಣಸೆಹಣ್ಣು, ಉಪ್ಪು, ಅರಿಶಿನ ಕಿವುಚಿ ಕಬ್ಬಿಣದ ಸೌಟಿನಲ್ಲಿ ಕುದಿಸಿ, ಬಿಸಿ ಆರುವ ಮೊದಲೇ ಮೆತ್ತುತ್ತಿದ್ದಳು. ಪಟ್ಟು ಹಾಕುವುದು ಅಂತಲೇ ಅದಕ್ಕೆ ಹೆಸರು. ಅರ್ಧ ಗಂಟೆಯಲ್ಲಿ ಅದು ಒಣಗಿ ಚರ್ಮವನ್ನು ಬಿಗಿಯಾಗಿ ಎಳೆಯುತ್ತಿತ್ತು. ಊತ ಇಳಿದಿದೆಯಾ ಎಂದು ಅಂಚು ಎಬ್ಬಿಸಿ ನೋಡಹೋದರೆ ಕೈಗೊಂದು ಏಟು. ‘ಮುಟ್ಟಬೇಡ, ತಾನೇ ಉದುರುತ್ತೆ.’ ಮರುದಿನ ಕಾಲು ಹಾಗೇ ಇರುತ್ತಿತ್ತು. ಅಜ್ಜಿ ಮತ್ತೆ ಸೌಟು ಒಲೆಗಿಡುತ್ತಿದ್ದಳು.

ಅದೇ ಸದ್ದಿನ ಇನ್ನೊಂದು ಪಟ್ಟು ಗರಡಿಮನೆಯದು. ದಸರಾ ಕುಸ್ತಿಯಲ್ಲಿ ಇಬ್ಬರು ಪೈಲ್ವಾನರು ಒಬ್ಬರಿಗೊಬ್ಬರು ಪಟ್ಟು ಹಾಕಿ ನಿಮಿಷಗಟ್ಟಲೆ ಅಲ್ಲಾಡದೆ ಇದ್ದುಬಿಡುತ್ತಾರೆ. ಹಿಂದಿನ ಸಾಲಿನವರಿಗೆ ಬೇಸರ, ಕೂಗಾಟ. ಮಟ್ಟಿಯ ಅಂಚಿಗೆ ಕೂತವನಿಗೆ ಮಾತ್ರ ತೊಡೆಯ ನಡುಕ, ಬಿಗಿದ ಕತ್ತಿನ ನರ, ಬೆವರಿಗೆ ಒದ್ದೆಯಾಗುತ್ತಿರುವ ಕೆಮ್ಮಣ್ಣು ಕಾಣುತ್ತದೆ. ದೇಹದ ಕಸುವೆಲ್ಲ ಖರ್ಚಾಗುವುದು ಹೊರಗಿನವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುವ ಆ ಹೊತ್ತಿನಲ್ಲೇ.

ಪತ್ರಿಕೆಗಳು ಈ ಪದವನ್ನು ಹಠದ ಜಾಗದಲ್ಲಿ ಕೂರಿಸಿವೆ. ಬಿಗಿಪಟ್ಟು, ಪಟ್ಟು ಸಡಿಲಿಸದ ಮುಖಂಡರು, ದಿನಕ್ಕೊಂದು ತಲೆಬರಹ. ನನಗಿದು ಸಂಕಟ. ಅಂಗಡಿ ಮುಂದೆ ಬಿದ್ದು ಹೊರಳುವ ಮಗು ನಡುನಡುವೆ ಕಣ್ಣು ಬಿಟ್ಟು ಅಮ್ಮನನ್ನು ನೋಡಿಕೊಳ್ಳುತ್ತದೆ. ಹಠಕ್ಕೆ ನೋಡುವವರು ಬೇಕೇ ಬೇಕು. ಪಟ್ಟಿಗೆ ಆ ಹಂಗಿಲ್ಲ.

ಅಂಥ ಪಟ್ಟು ಹಿಡಿದವರು ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯಾಳಾಗಿದ್ದರು. ದುಡಿಮೆ ಮೆಚ್ಚಿ ಭೂಮಾಲೀಕರೊಬ್ಬರು ಎರಡು ಎಕರೆ ಬೋಳುಗುಡ್ಡ ಕೊಟ್ಟರು, ನೀರಿಲ್ಲದ ಜಾಗ. ಆ ಸೀಮೆಯಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ಹಿಡಿಯುವುದು ಹಳೆಯ ವಿದ್ಯೆ. ನೆಲ ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಒರತೆ ಸಿಕ್ಕಿದರೆ ಪಂಪಿಲ್ಲದೆ ನೀರು ತಾನೇ ಹರಿದು ಬರುತ್ತದೆ. ಸಿಗದಿದ್ದರೆ ಉಳಿಯುವುದು ಒಣ ತೂತು. ಹಗಲೆಲ್ಲ ಕೂಲಿ ಮುಗಿಸಿ, ಕತ್ತಲಾದ ಮೇಲೆ ದೀಪ ಹಿಡಿದು ನಾಯ್ಕರು ಒಬ್ಬರೇ ಗುಡ್ಡ ಅಗೆದರು. ಒಂದು ಸುರಂಗ ಒಣಗಿತ್ತು. ಇನ್ನೊಂದೂ ಒಣಗಿತ್ತು. ಹೀಗೆ ವರ್ಷಗಳ ಕೆಲಸ ಮಣ್ಣುಪಾಲಾಯಿತು, ಊರವರು ನಕ್ಕರು.

ಗುಡ್ಡವನ್ನು ಅವರು ಬಿಡಲಿಲ್ಲ, ಆದರೆ ಒಣಗಿದ ಸುರಂಗವನ್ನು ಬಿಟ್ಟು ಬೇರೆ ಕಡೆ ಹಾರೆ ಊರಿದರು. ಗರಡಿಯವರಿಗೆ ಇದು ಥಟ್ಟನೆ ಅರ್ಥವಾದೀತು: ಒಂದು ಪಟ್ಟು ಫಲಿಸದಿದ್ದರೆ ಮತ್ತೊಂದು ಹಾಕುತ್ತಾರೆ, ಎದುರಾಳಿಯ ಮೈಯಿಂದ ಕೈ ತೆಗೆಯುವುದಿಲ್ಲ. ಹಠಕ್ಕೆ ಈ ಜಾಣ್ಮೆ ಬರುವುದಿಲ್ಲ.

ಕೊನೆಗೆ ನೀರು ಬಂತು. ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ ಎದ್ದವು. 2022ರಲ್ಲಿ ಪದ್ಮಶ್ರೀಯೂ ಬಂತು.

ಕಷ್ಟಪಟ್ಟು ಅನ್ನುವಾಗಿನ ಪಟ್ಟು ‘ಪಡು’ ಧಾತುವಿನದು, ಬೇರೆಯೇ ಮನೆತನ. ಆದರೂ ಕಿವಿಗೆ ಎರಡೂ ಒಂದೇ. ಎರಡು ಪಟ್ಟು, ಹತ್ತು ಪಟ್ಟು ಎಂದು ಎಣಿಸುವ ಪಟ್ಟೂ ಇದೆ. ಫಲ ಕಂಡ ಮೇಲೆ ಜನ ಬಳಸುವುದು ಅದನ್ನೇ. ಗುಡ್ಡದ ಹೊಟ್ಟೆಯೊಳಗೆ ಎಣಿಸಲು ಏನೂ ಇರಲಿಲ್ಲ. ದೀಪದ ಬೆಳಕು ಬಿದ್ದಷ್ಟು ಜಾಗದಲ್ಲಿ ಒಣ ಮುರಕಲ್ಲು, ಅದರ ಮೇಲೆ ಹಾರೆಯ ಗೀರು, ಆಗಾಗ ಅಂಗೈ ಒತ್ತಿ ತಂಪಾಗಿದೆಯೇ ಎಂದು ನೋಡುವುದು, ಅಷ್ಟೇ.