ಯುದ್ಧಭೂಮಿಯಿಂದ ಬಂದ ಕಾಗದ: ಮೊದಲ ಮಹಾಯುದ್ಧ ಮತ್ತು ಪೂರ್ವ ಮೈಸೂರಿನ ಮನೆಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅವು ಮೈಸೂರು ಸಂಸ್ಥಾನದ ಪೂರ್ವದಂಚಿನಲ್ಲಿ, ಕೆರೆಯನ್ನೂ ಮಳೆಯನ್ನೂ ನಂಬಿ ರಾಗಿ ಬೆಳೆಯುವ ಸೀಮೆಯಾಗಿದ್ದವು. ಇಲ್ಲಿಂದ ದಂಡಿಗೆ ಸೇರಬಯಸಿದವನಿಗೆ ಮುಖ್ಯವಾಗಿ ಎರಡು ದಾರಿಗಳಿದ್ದವು: ಒಂದು, ಮಹಾರಾಜರ ಸ್ವಂತ ಪಡೆ, ಇನ್ನೊಂದು, ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇತುವೆ ಕಟ್ಟುವ, ರಸ್ತೆ ಮಾಡುವ, ಕಂದಕ ತೋಡುವ ಬ್ರಿಟಿಷ್ ಭಾರತೀಯ ಸೇನೆಯ ತುಕಡಿ. ಯಾವ ದಾರಿ ಹಿಡಿದರೂ ಸಮುದ್ರ ದಾಟಿದವನಿಗೂ ಅವನ ಮನೆಗೂ ಉಳಿಯುತ್ತಿದ್ದ ಸಂಬಂಧವೆಂದರೆ ಕಾಗದ ಮತ್ತು ಮನಿಯಾರ್ಡರು. ಆ ಕಾಗದ ಹೇಗೆ ಬರೆಯಲ್ಪಟ್ಟಿತು, ಯಾರ ಕೈ ದಾಟಿ ಬಂತು, ಬಂದ ಮೇಲೆ ಏನಾಯಿತು ಎಂಬುದನ್ನು ತಿಳಿಯದೆ ಅದರ ಒಕ್ಕಣೆಯನ್ನಷ್ಟೇ ಓದುವ ಇತಿಹಾಸಕಾರನಿಗೆ ಅರ್ಧ ಸಂಗತಿಯೂ ದಕ್ಕುವುದಿಲ್ಲ.

ಸಂಸ್ಥಾನದ ಅಶ್ವಪಡೆಯಾದ ಮೈಸೂರು ಲ್ಯಾನ್ಸರ್ಸ್ ‘ಇಂಪೀರಿಯಲ್ ಸರ್ವಿಸ್’ ಪಡೆಗಳಲ್ಲಿ ಒಂದು. ಸಂಸ್ಥಾನವೇ ತನ್ನ ಖರ್ಚಿನಲ್ಲಿ ಸಾಕಿ, ಸಾಮ್ರಾಜ್ಯಕ್ಕೆ ಬೇಕಾದಾಗ ಒಪ್ಪಿಸುವ ಸೈನ್ಯಕ್ಕೆ ಆ ಹೆಸರಿತ್ತು. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿ ಕೊಟ್ಟರಲ್ಲದೆ ಈ ಪಡೆಯನ್ನೂ ಕಳುಹಿಸಿದರು. 1914ರ ಕೊನೆಯಲ್ಲಿ ಈಜಿಪ್ಟ್ ತಲುಪಿದ ಸವಾರರು ಹೈದರಾಬಾದ್ ಲ್ಯಾನ್ಸರ್‌ಗಳ ಜೊತೆಗೆ, 1918ರಿಂದ ಜೋಧಪುರದವರ ಜೊತೆಗೂ, 15ನೇ ಅಶ್ವದಳ ಬ್ರಿಗೇಡಿನಲ್ಲಿದ್ದು ಸೂಯೆಜ್ ಕಾಲುವೆಯ ಕಾವಲಿನಿಂದ ಪ್ಯಾಲೆಸ್ಟೈನಿನವರೆಗೆ ನಾಲ್ಕು ವರ್ಷ ದುಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ವಶವಾದಾಗ, ಜೋಧಪುರದವರು ಊರಿನತ್ತ ನುಗ್ಗುತ್ತಿದ್ದಂತೆ ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿ ಅಲ್ಲಿನ ತೋಪುಗಳನ್ನು ಹಿಡಿಯಿತು. ಈ ವಿಜಯ ಬೆಂಗಳೂರಿನ ಸ್ಮಾರಕಸ್ತಂಭದಲ್ಲೂ ದೆಹಲಿಯ ತೀನ್ ಮೂರ್ತಿಯಲ್ಲೂ ನೆನಪಾಗಿ ನಿಂತಿದೆ, ಅದು ಸರಿಯೇ. ಆದರೆ ಹೈಫಾದ ಒಂದು ದಿನಕ್ಕೆ ಸಂದ ಗೌರವ ಆ ನಾಲ್ಕು ವರ್ಷಗಳ ಕಾಯುವಿಕೆಗೆ, ಎರಡೂ ತುದಿಯ ಕಾಯುವಿಕೆಗೆ, ಇನ್ನೂ ಸಂದಿಲ್ಲ.

ಭಾರತೀಯ ಸೈನಿಕರ ಯುದ್ಧಪತ್ರಗಳೆಂದು ಇಂದು ಪ್ರಸಿದ್ಧವಾಗಿರುವವು ಬಹುಮಟ್ಟಿಗೆ ಫ್ರಾನ್ಸಿನ ರಣರಂಗದಿಂದಲೂ ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಿಂದಲೂ ಹೋದವು. ಅವು ಉಳಿದದ್ದು ಯಾರೋ ಅಕ್ಕರೆಯಿಂದ ಕಾಪಾಡಿದ್ದರಿಂದಲ್ಲ. ಸೆನ್ಸಾರ್ ಕಚೇರಿ, ಎಂದರೆ ಟಪಾಲನ್ನು ಒಡೆದು ಪರೀಕ್ಷಿಸುವ ಸೇನಾ ಕಚೇರಿ, ತನ್ನ ವರದಿಗಳಿಗಾಗಿ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿಟ್ಟುಕೊಂಡದ್ದರಿಂದ. ಪಂಜಾಬಿನಿಂದಲೇ ಹೆಚ್ಚು ಜನ ಸೇನೆ ಸೇರಿದ್ದುದರಿಂದ ಉರ್ದು, ಗುರುಮುಖಿ, ಹಿಂದಿ ಬರಹಗಳೇ ಆ ವರದಿಗಳನ್ನು ತುಂಬಿವೆ. ಒಡೆದು ಓದುತ್ತಾರೆಂಬ ಅರಿವು ಸೈನಿಕರಿಗೂ ಇತ್ತು. ಗೋರರನ್ನು ಕೆಂಪು ಮೆಣಸೆಂದೂ ತಮ್ಮವರನ್ನು ಕರಿಮೆಣಸೆಂದೂ ಕರೆದು, ಕರಿಮೆಣಸು ಮುಗಿಯುತ್ತ ಬಂತೆಂದು ಬರೆದವರಿದ್ದರು, ಅಂದರೆ ತಮ್ಮವರ ಸಾವು ಹೆಚ್ಚುತ್ತಿದೆ ಎಂಬ ಸೂಚನೆ.

ಈಜಿಪ್ಟಿನಿಂದ ಬರುವ ಕಾಗದಕ್ಕೂ ಇವೇ ಕಟ್ಟುಪಾಡುಗಳಿದ್ದವು. ಸೇನೆಯ ಜೊತೆಯಲ್ಲೇ ಸಾಗುವ ಫೀಲ್ಡ್ ಪೋಸ್ಟ್ ಆಫೀಸು ಊರಿನ ಹೆಸರಿಗೆ ಬದಲಾಗಿ ತನ್ನ ಸಂಖ್ಯೆಯನ್ನಷ್ಟೇ ಮುದ್ರೆಯೊತ್ತುತ್ತಿತ್ತು. ಆದುದರಿಂದ ಮಗ ಕಾಲುವೆಯ ದಡದಲ್ಲಿದ್ದಾನೋ ಮರಳುಗಾಡಿನ ಒಳಗಿದ್ದಾನೋ ಎಂಬುದು ಲಕೋಟೆಯ ಮೇಲಿಂದ ತಿಳಿಯುವಂತಿರಲಿಲ್ಲ. ಮೈಸೂರಿನ ಸ್ವಂತ ‘ಅಂಚೆ’ ವ್ಯವಸ್ಥೆ 1889ರಲ್ಲೇ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಗಿತ್ತಾದ್ದರಿಂದ ಕಾಗದ ಊರಿನವರೆಗೂ ಆ ಅಂಚೆಯಲ್ಲೇ, ಹಳಿಯಿದ್ದಲ್ಲಿ ರೈಲಿನಲ್ಲಿ, ಬರುತ್ತಿತ್ತು. ಬೆಂಗಳೂರಿನಿಂದ ಗುಂತಕಲ್ಲಿಗೆ ಹೋಗುವ ಹಳಿ ಗೌರಿಬಿದನೂರನ್ನು ಹಾಯುತ್ತಿತ್ತು; ಉಳಿದ ಮೂರು ಊರುಗಳಿಗೆ ಕಿರುಹಳಿಯ ರೈಲು ಬಂದದ್ದು ಯುದ್ಧದ ಆಸುಪಾಸಿನ ವರ್ಷಗಳಲ್ಲೇ.

ಊರು ಸೇರಿದ ಕಾಗದವನ್ನು ಓದುವವರು ಬೇಕಿತ್ತು. ಸಂಸ್ಥಾನದಲ್ಲಿ ಆಗ ನೂರಕ್ಕೆ ಹತ್ತು ಜನರಿಗೂ ಓದುಬರಹ ಬರುತ್ತಿರಲಿಲ್ಲವಾದ್ದರಿಂದ, ಆ ತುದಿಯಲ್ಲಿ ಅಕ್ಷರ ಬಲ್ಲ ಒಬ್ಬ ಜೊತೆಗಾರ ಬರೆದದ್ದನ್ನು ಈ ತುದಿಯಲ್ಲಿ ಶಾನುಭೋಗರೋ, ಅಂದರೆ ಊರಿನ ಲೆಕ್ಕಪತ್ರ ಬರೆಯುವವರೋ, ಶಾಲೆಯ ಮೇಷ್ಟರೋ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದರು. ಈ ಸೀಮೆಯ ಅನೇಕ ಮನೆಗಳಲ್ಲಿ ಆಡುವುದು ತೆಲುಗು, ಬರೆಯುವುದು ಕನ್ನಡ, ಸೇನೆಯ ವ್ಯವಹಾರ ಬಹುಮಟ್ಟಿಗೆ ಉರ್ದು. ಹೆಂಡತಿಗೆ ಹೇಳಬೇಕಾದ ಮಾತು ಇಷ್ಟು ನುಡಿಗಳನ್ನೂ ಇಷ್ಟು ಬಾಯಿಗಳನ್ನೂ ದಾಟಿ ಅವಳನ್ನು ಮುಟ್ಟುವಷ್ಟರಲ್ಲಿ, ಗುಟ್ಟಾಗಿ ಹೇಳಬಹುದಾದದ್ದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ತೀರ್ಥರೂಪ ಸಮಾನರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಇತ್ತ ಕ್ಷೇಮ, ಅತ್ತಲ ಕ್ಷೇಮಕ್ಕೆ ಬರೆಸುವುದು ಎಂಬ ಸಾಲುಗಳನ್ನು ಬರಿಯ ಸಂಪ್ರದಾಯವೆಂದು ಬದಿಗಿಡುವುದು ಸಲ್ಲದು, ಏಕೆಂದರೆ ಯುದ್ಧಕಾಲದಲ್ಲಿ ಆ ‘ಇತ್ತ ಕ್ಷೇಮ’ವೇ ಮನೆಯವರು ಕಾದಿದ್ದ ಸುದ್ದಿ, ಉಳಿದ ಒಕ್ಕಣೆ ಅದರ ಮುಂದೆ ಹಗುರ.

ಮನೆಯ ಆಚಾರವೂ ಸೆನ್ಸಾರಿನಷ್ಟೇ ಬಲವಾಗಿ ಈ ಕಾಗದಗಳ ಹಣೆಬರಹವನ್ನು ನಿರ್ಧರಿಸಿತು. ಶುಭಸಮಾಚಾರದ ಕಾಗದದ ಮೂಲೆಗಳಿಗೆ ಅರಿಸಿನ ಹಚ್ಚುವುದು, ಬಂದ ಕಾಗದಗಳನ್ನು ಗೋಡೆಗೆ ತೂಗುಹಾಕಿದ ಕೊಕ್ಕೆತಂತಿಗೆ ಒಂದರ ಮೇಲೊಂದು ಚುಚ್ಚಿಡುವುದು ರೂಢಿಯಾಗಿತ್ತು. ಸಾವಿನ ಸುದ್ದಿಯ ಕಾಗದವನ್ನು ಮಾತ್ರ ಓದಿದ ಕೂಡಲೇ ಹರಿದು ಹಾಕಬೇಕಿತ್ತು, ಅದು ಮನೆಯೊಳಗೆ ಇರುವಂತಿರಲಿಲ್ಲ. ತಂತಿಯಲ್ಲಿ ಉಳಿಯುತ್ತಿದ್ದುದು ಬದುಕಿದವರ ಕ್ಷೇಮಸಮಾಚಾರ, ಇತಿಹಾಸಕ್ಕೆ ಎಲ್ಲಕ್ಕಿಂತ ಬೇಕಾದ ಕಾಗದ ಹೊಸಿಲಾಚೆಯೇ ಚೂರಾಗಿ ಹೋಗುತ್ತಿತ್ತು. ಹೀಗಾಗಿ ಮನೆಯ ಕಟ್ಟಿನಲ್ಲಿ ಸಾವು ಕಾಣಲಿಲ್ಲವೆಂದು ಸಾವಿರಲಿಲ್ಲವೆನ್ನುವುದು ತಪ್ಪಾಗುತ್ತದೆ.

ಈ ಎಚ್ಚರಿಕೆ 1918ರ ಕೊನೆಯ ತಿಂಗಳುಗಳಿಗೆ ಎರಡೂ ಕಡೆಯಿಂದ ಅನ್ವಯಿಸುತ್ತದೆ. ಹೈಫಾದ ನಂತರ ಉತ್ತರಕ್ಕೆ ಸಾಗಿದ ಅಶ್ವದಳ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾಗಳಿಂದ ತತ್ತರಿಸುತ್ತಲೇ ಅಕ್ಟೋಬರ್ 26ರಂದು ಅಲೆಪ್ಪೊದ ಬಳಿಯ ಹರಿತಾನ್‌ನಲ್ಲಿ ಮೈಸೂರು, ಜೋಧಪುರ ಸವಾರರ ಮೂಲಕ ಮತ್ತೊಮ್ಮೆ ತುರ್ಕರ ವಿರುದ್ಧ ಕಾದಾಡಿತು. ತುರ್ಕರೊಡನೆ ಕದನವಿರಾಮಕ್ಕೆ ಸಹಿ ಬಿದ್ದದ್ದು ನಾಲ್ಕೇ ದಿನಗಳ ಮೇಲೆ. ಅದೇ ಹೊತ್ತಿಗೆ ಅದೇ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದ ಊರೂರುಗಳನ್ನು ಹೊಕ್ಕಿತ್ತು. ರಣರಂಗದಲ್ಲಿ ಬದುಕುಳಿದವನು ‘ಅತ್ತಲ ಕ್ಷೇಮ’ ಕೇಳಿ ಬರೆಸಿದ ಕಾಗದ ತಲುಪುವ ವೇಳೆಗೆ ಉತ್ತರ ಹೇಳಿಸಬೇಕಾದವರೇ ಇಲ್ಲವಾಗಿರಬಹುದಾದ ಕಾಲ ಅದು. ಅಂಥ ಮನೆಗಳ ಕಥೆಯನ್ನು ಹುಡುಕುವವರು ಕ್ಷೇಮಪತ್ರಗಳಿಗೆ ನಿಲ್ಲದೆ, ಗಂಡನನ್ನೋ ಮಗನನ್ನೋ ಕಳೆದುಕೊಂಡವರು ಪಿಂಚಣಿಗಾಗಿ, ಕಂದಾಯದ ಮಾಫಿಗಾಗಿ ಸರ್ಕಾರಕ್ಕೆ ಬರೆಸಿದ ಅರ್ಜಿಗಳತ್ತಲೂ ನೋಡಬೇಕು. ಅವನ್ನು ಬರೆದದ್ದು ಜಗಲಿಯ ಮೇಲೆ ಕಾಗದ ಓದಿ ಹೇಳುತ್ತಿದ್ದಂಥ ಶಾನುಭೋಗರ ಕೈಯೇ, ಮತ್ತು ಸರ್ಕಾರಕ್ಕೆ ಹೋಗುವ ಅರ್ಜಿಯಲ್ಲಿ ಸಾವನ್ನು ಮರೆಮಾಚುವ ಕಟ್ಟಳೆಯಿರಲಿಲ್ಲ.