ಮಲಯಾಳಂ ಪಿಕ್ಚರ್

ಟಾಕೀಸಿನಲ್ಲಿ ‘ಮಲಯಾಳಂ’ ಹಾಕಿದ್ದಾರಂತೆ ಎಂದರೆ ಒಂದು ಕಾಲಕ್ಕೆ ನಮ್ಮ ಕಡೆ ಯಾರೂ ನಿರ್ದೇಶಕರ ಹೆಸರು ಕೇಳುತ್ತಿರಲಿಲ್ಲ. ಹೆಂಗಸರು, ಮಕ್ಕಳು ಬಂದರೆ ಮಾತು ನಿಲ್ಲುತ್ತಿತ್ತು. ‘ಮಲಯಾಳಂ ಪಿಕ್ಚರ್’ ಅಂದರೆ ಪೋಲಿ ಸಿನಿಮಾ, ಅಷ್ಟೇ.

ಈ ಅರ್ಥ ಅಂಟಲು ದಾರಿಯಾದ ಚಿತ್ರಗಳಲ್ಲಿ ಐ.ವಿ. ಶಶಿಯವರ ‘ಅವಳುಡೆ ರಾವುಗಳ್’ (1978) ಒಂದು. ಮೈ ಮಾರಿಕೊಂಡು ತಮ್ಮನನ್ನು ಸಾಕುವ ಅನಾಥೆಯ ಕಥೆ, ಸೀಮಾ ಅವರ ಗಟ್ಟಿ ಅಭಿನಯ. ಸೆನ್ಸಾರ್ ‘ಎ’ ಕೊಟ್ಟಿತು. ಹೊರರಾಜ್ಯಗಳಲ್ಲಿ ಜನರನ್ನು ಎಳೆದದ್ದು ಆ ಅಕ್ಷರ ಮತ್ತು ಪೋಸ್ಟರು. 2000ದಲ್ಲಿ ಶಕೀಲಾ ಅವರ ‘ಕಿನ್ನಾರತುಂಬಿಗಳ್’ ಬಂದ ಮೇಲಂತೂ ಹೆಸರು ಪೂರ್ತಿ ಕೆಟ್ಟಿತು.

ಆದರೆ ನಿಜವಾದ ಕಳ್ಳತನ ನಡೆಯುತ್ತಿದ್ದದ್ದು ಪ್ರೊಜೆಕ್ಟರ್ ಕೋಣೆಯಲ್ಲಿ. ಸೆನ್ಸಾರ್ ಆದ ರೀಲಿನ ನಡುವೆ ಬೇರೆಲ್ಲೋ ತೆಗೆದ ತುಂಡನ್ನು ಅಂಟಿಸಿ ಓಡಿಸುವುದು. ಅದಕ್ಕೆ ‘ಬಿಟ್’ ಎಂದು ಹೆಸರು. ಕಥೆಗೂ ಅದಕ್ಕೂ ಸಂಬಂಧವಿಲ್ಲ, ಪೋಸ್ಟರಿನ ನಟಿ ಅದರಲ್ಲಿ ಇರಬೇಕೆಂದೂ ಇಲ್ಲ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ‘ಎ’ ಚಿತ್ರ ವಯಸ್ಕರಿಗೆ ಸಕ್ರಮ, ಪ್ರಮಾಣಪತ್ರವಿಲ್ಲದ ಬಿಟ್ ಅಪರಾಧ. ದುಡ್ಡು ಮಾಡಿಕೊಂಡವರ ಹೆಸರು ಯಾರಿಗೂ ನೆನಪಿಲ್ಲ. ಕಳಂಕ ಹೊತ್ತವರು ನಟಿಯರು, ಜೊತೆಗೆ ಒಂದು ಇಡೀ ಭಾಷೆ.

ಮುಂಡಾಜೆಯಲ್ಲಿ ಕೂತು ಇದನ್ನು ಬರೆಯುವಾಗ ಸಂಕಟವಾಗುತ್ತದೆ. ಚಾರ್ಮಾಡಿ ಘಾಟಿಯ ಬುಡದ ಈ ಸೀಮೆಗೆ ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರ್ ನೆಟ್ಟು ಬದುಕು ಕಟ್ಟಿಕೊಂಡವರು ಬಹಳ. ಅವರಲ್ಲಿನ ಕ್ರೈಸ್ತರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತವೇ ಸ್ಥಾಪನೆಯಾಯಿತು. ಆ ಮನೆಗಳಲ್ಲಿ ಅಮ್ಮ ಮಗುವನ್ನು ಊಟಕ್ಕೆ ಕರೆಯುವ ನುಡಿ ಮಲಯಾಳಂ, ಸತ್ತವರಿಗಾಗಿ ಪ್ರಾರ್ಥಿಸುವುದೂ ಅದರಲ್ಲೇ. ಬಸ್‌ಸ್ಟ್ಯಾಂಡಿನಲ್ಲಿ ಆ ಹೆಸರು ಹೇಳಿ ಕಣ್ಣು ಮಿಟುಕಿಸಿದರೆ ಪಕ್ಕದಲ್ಲಿ ನಿಂತ ಅವರ ಮಗಳಿಗೆ ಏನನ್ನಿಸಬೇಡ! ದಕ್ಷಿಣ ಭಾರತಕ್ಕೆ ಮೊದಲ ಬಾರಿಗೆ ರಾಷ್ಟ್ರಪತಿಗಳ ಸ್ವರ್ಣಪದಕ ತಂದ ಕಥಾಚಿತ್ರ ‘ಚೆಮ್ಮೀನ್’ (1965) ಕೂಡ ಅದೇ ಭಾಷೆಯದ್ದು.

ಈಗ ಗಾಳಿ ತಿರುಗಿದೆ. 2013ರ ‘ದೃಶ್ಯಂ’ ಮರುವರ್ಷವೇ ರವಿಚಂದ್ರನ್ ಅವರ ‘ದೃಶ್ಯ’ವಾಗಿ ಕನ್ನಡಕ್ಕೆ ಬಂತು. ಮೊಬೈಲಿನಲ್ಲಿ ಸಿನಿಮಾ ನೋಡುವ ಹುಡುಗರು ‘ಮಲಯಾಳಂದು’ ಅಂದರೆ ಒಳ್ಳೆಯ ಕಥೆ ಇದೆ ಎಂದೇ ಲೆಕ್ಕ. ಹಳೆಯ ಅರ್ಥವನ್ನು ಇನ್ನೂ ಹಿಡಿದುಕೊಂಡು ನಗುವವರು ನನ್ನ ವಾರಗೆಯವರೇ. ಅವರಲ್ಲಿ ನನ್ನದೊಂದು ವಿನಂತಿ: ಆ ನಗುವನ್ನು ಇನ್ನಾದರೂ ಬಿಟ್ಟುಬಿಡಿ, ಮಕ್ಕಳಿಗಂತೂ ಕಲಿಸಬೇಡಿ.